ಗೋವಾದ ‘ಮಣ್ಣಿನ ಮನೆ’ ಹೋಮ್‌ಸ್ಟೇ: ಜುಲೈ ಮಳೆಯಲ್ಲಿ ಹೇಗಿರುತ್ತೆ?

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ ಸ್ಟಾರ್. ಅದರಲ್ಲಿ ಮೂರು ಹಳೇ ಮನೆಯ ಮಾಡಿಗೆ (ಅಂದರೆ ಚಾವಣಿಗೆ), ಜಗಲಿಗೆ, ಬಾವಿಗೆ. ಅರ್ಧ ಊಟಕ್ಕೆ. ಫೋಟೋದಲ್ಲಿ ಎಲ್ಲರೂ ಮೆಚ್ಚುವ ಮಣ್ಣಿನ ಗೋಡೆಗೆ ನನ್ನ ಲೆಕ್ಕದಲ್ಲಿ ಸೊನ್ನೆ.

ಜಾಗ ಇರುವುದು ಕಾಣಕೋಣ ತಾಲ್ಲೂಕಿನಲ್ಲಿ. ಕಾರವಾರದಿಂದ ಗಡಿ ದಾಟಿದರೆ ಮೊದಲು ಸಿಗುವ ತಾಲ್ಲೂಕು ಇದು. ಹೆದ್ದಾರಿ ಬಿಟ್ಟು ಗೇರು ತೋಟಗಳ ನಡುವೆ ಒಳಗೆ ಹೋಗಬೇಕು. ಎದುರಿಗೆ ಒಂದು ಹಳೇ ಚಿರೆಕಲ್ಲಿನ ಮನೆ. ಅದನ್ನು ರಿಪೇರಿ ಮಾಡಿ ಎರಡು ರೂಮು ತೆಗೆದಿದ್ದಾರೆ. ಹಿಂದುಗಡೆ ಹೊಸದಾಗಿ ಕಟ್ಟಿದ ಮೂರು ಮಣ್ಣಿನ ಕಾಟೇಜು. ಹೆಸರು ಹಾಕುತ್ತಿಲ್ಲ. ಮಾಲೀಕರಿಗೆ ಹೇಳಬೇಕಾದ್ದನ್ನು ಎದುರಿಗೇ ಹೇಳಿ ಬಂದಿದ್ದೇನೆ. ಇಂಥ ‘ಪರಿಸರಸ್ನೇಹಿ’ ಹೋಮ್‌ಸ್ಟೇಗಳು ಈಗ ಗೋವಾದಲ್ಲೂ ನಮ್ಮ ಉತ್ತರ ಕನ್ನಡದಲ್ಲೂ ಬೇಕಾದಷ್ಟಿವೆ. ನೀವು ಬೇರೆ ಕಡೆ ಹೋದರೂ ನೋಡಬೇಕಾದ್ದು ನಾನು ಇಲ್ಲಿ ಹೇಳುವ ಸಂಗತಿಗಳನ್ನೇ.

ನಾನು ಅಂಕೋಲಾದವನು, ಇರುವುದು ವಾಸ್ಕೋದಲ್ಲಿ. ಕೆಲಸ ಸೈಟ್ ಸೂಪರ್‌ವೈಸರ್. ನಾವು ಕಟ್ಟುವುದು ಆರ್‌ಸಿಸಿ ಅಪಾರ್ಟ್‌ಮೆಂಟ್. ಅಂಕೋಲಾದಲ್ಲಿ ನಮ್ಮದೊಂದು ಸಣ್ಣ ಜಾಗ ಇದೆ. ಅಲ್ಲಿ ಮಣ್ಣಿನ ಮನೆಯೇ ಕಟ್ಟಬೇಕು ಅಂತ ನಮ್ಮನೆಯವಳು ವಿಡಿಯೋ ನೋಡಿ ನೋಡಿ ತೀರ್ಮಾನ ಮಾಡಿದ್ದಾಳೆ. ಹಾಗಾದರೆ ಮೊದಲು ಅಂಥದ್ದೊಂದು ಮನೆಯಲ್ಲಿ ಮಳೆಗಾಲದಲ್ಲಿ ಇದ್ದು ನೋಡೋಣ ಅಂದೆ. ಇಂಥ ಜಾಗಗಳ ವಿಮರ್ಶೆ ಬರೆಯುವವರೆಲ್ಲ ಹೋಗುವುದು ಡಿಸೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಗೋವಾದ ತಗಡಿನ ಶೆಡ್‌ನಲ್ಲೂ ಚೆನ್ನಾಗಿಯೇ ನಿದ್ದೆ ಬರುತ್ತದೆ. ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3,000 ಮಿಲಿಮೀಟರ್ ಮಳೆ. ಹೆಚ್ಚುಕಡಿಮೆ ಅಷ್ಟೂ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮನೆಯ ನಿಜವಾದ ಪರೀಕ್ಷೆ ಆಗ.

ಮೊದಲು ನಮಗೆ ಕೊಟ್ಟಿದ್ದು ಮಣ್ಣಿನ ಕಾಟೇಜು. ಒಳಗೆ ಕಾಲಿಟ್ಟರೆ ಚಂದವೇ. ಉಬ್ಬುತಗ್ಗಾಗಿ ಮೆತ್ತಿದ ಗೋಡೆ, ಗೋಡೆಯಲ್ಲೇ ಕೊರೆದ ಗೂಡುಗಳು, ಮೇಲೆ ಬಿದಿರು, ಎದುರಿಗೆ ಪಶ್ಚಿಮಕ್ಕೆ ದೊಡ್ಡ ಗಾಜು. ನಮ್ಮವಳು ಫೋಟೋ ತೆಗೆಯತೊಡಗಿದಳು. ನಾನು ಮೂಲೆ ನೋಡತೊಡಗಿದೆ. “ರೀ, ನಾವು ರಜೆಗೆ ಬಂದಿದ್ದು, ಸ್ಲ್ಯಾಬ್ ಚೆಕ್ ಮಾಡೋಕಲ್ಲ” ಅಂದಳು.

ಚಹಾ ತಂದವರು ಅಲ್ಲಿ ಅಡುಗೆ, ಮನೆವಾರ್ತೆ ಎಲ್ಲ ನೋಡಿಕೊಳ್ಳುವ ಹಾವೇರಿ ಕಡೆಯ ಅಕ್ಕ. ನಾವು ಕನ್ನಡದವರು ಅಂತ ಗೊತ್ತಾದ ಮೇಲೆ ಮಾತು ನಿಲ್ಲಲೇ ಇಲ್ಲ. ಮೊದಲ ಮಾತೇ ಇದು: “ಅಣ್ಣಾರ, ಆ ಗ್ವಾಡಿಗೆ ಒರಗಬ್ಯಾಡ್ರಿ. ಅಂಗಿಗೆ ಮಣ್ಣ ಹತ್ತತೈತಿ.”

ಹತ್ತಿತು ಕೂಡ. ಪಶ್ಚಿಮದ ಗೋಡೆ ಹೊರಗಿನಿಂದ ನೆನೆದು ಒಳಗೂ ತಣ್ಣಗೆ, ಮೆತ್ತಗಾಗಿತ್ತು. ಮಂಚದ ಹಿಂದೆ ಬೆಳ್ಳಗೆ ಬೂಷ್ಟು. ಹೊರಗೆ ಹೋಗಿ ನೋಡಿದರೆ ಕೆಳಗಿನ ಭಾಗದಲ್ಲಿ ಪ್ಲಾಸ್ಟರ್ ಹೊಪ್ಪಳಿಕೆಯಾಗಿ ಬಿದ್ದು, ಒಳಗಿನ ಹುಲ್ಲು ಕಾಣುತ್ತಿತ್ತು.

ಇದು ಮಣ್ಣಿನ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ಮಣ್ಣಿನ ಗೋಡೆಯ ಮನೆಗಳು ತಲೆಮಾರುಗಟ್ಟಲೆ ನಿಂತಿವೆ. ತಪ್ಪು ಮಾಡಿನದು. ಈ ಕಾಟೇಜುಗಳಿಗೆ ಒಂದೇ ಕಡೆ ಇಳಿಜಾರು. ಸೂರ್ಯಾಸ್ತ ಕಾಣಲಿ ಅಂತ ಮಾಡನ್ನು ಪಶ್ಚಿಮಕ್ಕೆ ಎತ್ತಿ ಕಟ್ಟಿದ್ದಾರೆ. ಆ ಕಡೆ ಗೋಡೆ ಹನ್ನೊಂದು ಅಡಿ ಎತ್ತರ. ಸೂರು ಹೊರಗೆ ಚಾಚಿರುವುದು ಎರಡೇ ಅಡಿ. ಮುಂಗಾರು ಗಾಳಿ ಬರುವುದು ನೈಋತ್ಯದಿಂದ, ಪಶ್ಚಿಮದಿಂದ. ಮಳೆ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ಹೊಡೆಯುತ್ತದೆ. ಅದು 45 ಡಿಗ್ರಿ ಓರೆಯಾಗಿ ಬಂದರೆ ಎರಡು ಅಡಿ ಸೂರು ಕಾಯುವುದು ಗೋಡೆಯ ಮೇಲಿನ ಎರಡೇ ಅಡಿ. ಉಳಿದ ಒಂಬತ್ತು ಅಡಿ ನಾಲ್ಕು ತಿಂಗಳು ನೆನೆಯುತ್ತಲೇ ಇರುತ್ತದೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ, ಒಂದು ಹಾಳೆಯ ಮೇಲೆ ಗೆರೆ ಎಳೆದರೆ ಸಾಕು.

ಆದರೂ ಉಪಾಯ ಇತ್ತು. ಮಳೆಗಾಲದ ಮುಂಚೆ ಗಾಳಿ ಬರುವ ಕಡೆಯ ಗೋಡೆಗೆ ತೆಂಗಿನ ಮಡಲು ನೇಯ್ದ ತಟ್ಟಿ ಕಟ್ಟುವುದು ನಮ್ಮಲ್ಲೂ ಗೋವಾದಲ್ಲೂ ಹಳೇ ರೂಢಿ. ಖರ್ಚು ಹೆಚ್ಚೇನಿಲ್ಲ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಒಲೆಗೆ ಹಾಕಬಹುದು. ಇಲ್ಲಿ ಯಾಕೆ ಕಟ್ಟಿಲ್ಲ ಅಂತ ಅಕ್ಕನನ್ನು ಕೇಳಿದೆ. “ತ್ವಾಟದ ಮುದುಕ ಕಟ್ಟತೀನಿ ಅಂದಿದ್ದ. ಬ್ಯಾಡ ಅಂದ್ರರೀ, ಫೋಟೋ ಚಲೋ ಬರೂದಿಲ್ಲಂತ.”

ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಹಳದಿ ಪುಡಿ. ಬಿದಿರಿನಿಂದ ಉದುರಿದ್ದು, ಕುಟ್ಟೆ ಹುಳದ ಕೆಲಸ. ಬಿದಿರಿನ ಒಳಗಿನ ಪಿಷ್ಟವೇ ಆ ಹುಳದ ಊಟ. ಅದಕ್ಕೇ ಕಡಿದ ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿ ಆಮೇಲೆ ಬಳಸಬೇಕು. ಇಲ್ಲಿ ಹಾಗೆ ಮಾಡಿಲ್ಲ, ಅಥವಾ ಮೇಲೆ ಮೇಲೆ ಬಳಿದಿದ್ದಾರೆ. ‘ರಾಸಾಯನಿಕ ಮುಟ್ಟಿಸಿಲ್ಲ’ ಅಂತ ಹೇಳಿಕೊಳ್ಳಲು ಚೆನ್ನ. ಆದರೆ ಕೆಲವೇ ವರ್ಷಕ್ಕೊಮ್ಮೆ ಇಡೀ ಮಾಡು ಬಿಚ್ಚಿ ಹೊಸ ಬಿದಿರು ಹಾಕುವುದು ಯಾವ ಪರಿಸರಕ್ಕೆ ಒಳ್ಳೆಯದು?

ರೂಮು ಬದಲಿಸಿ ಅಂತ ಕೇಳಿದೆವು. ಮಳೆಗಾಲ, ಜನ ಇರಲಿಲ್ಲ. ಹಳೇ ಮನೆಯಲ್ಲಿ ಕೊಟ್ಟರು. ನಾನು ಈ ವಿಮರ್ಶೆ ಬರೆಯಲು ಕಾರಣವೇ ಆ ಮನೆ.

ನಾಲ್ಕೂ ಕಡೆ ಎಂಟು ಅಡಿ ಅಗಲದ ಜಗಲಿ. ಜಗಲಿಯ ಮೇಲಿನ ಮಾಡು ಇಳಿದು ಬಂದು ಹೊರಗಿನ ಅಂಚಿನಲ್ಲಿ ಏಳು ಅಡಿಗೆ ನಿಲ್ಲುತ್ತದೆ. ಎತ್ತರದವರು ಸ್ವಲ್ಪ ನೋಡಿಕೊಂಡು ಇಳಿಯಬೇಕು. ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೂ ಜಗಲಿಯ ನೆಲ ಒದ್ದೆಯಾಗುತ್ತದೆ, ಗೋಡೆಯಲ್ಲ. ಗೋಡೆ ಮುಟ್ಟಿ ನೋಡಿದೆ. ಜುಲೈ ತಿಂಗಳಲ್ಲಿ ಒಣಗಿತ್ತು! ಆ ಗೋಡೆ ಚಿರೆಕಲ್ಲಿನದು, ಕೆಲವರು ಕೆಂಪುಕಲ್ಲು ಅನ್ನುತ್ತಾರಲ್ಲ, ಅದೇ. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಸುಡಬೇಕಿಲ್ಲ, ಭಟ್ಟಿ ಬೇಡ, ಕಲ್ಲಿದ್ದಲು ಬೇಡ. ಹಾಗಂತ ಇದೂ ಪೂರ್ತಿ ಪುಣ್ಯದ ಕಲ್ಲಲ್ಲ. ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಹೊಂಡಗಳಲ್ಲಿ ಮಳೆನೀರು ನಿಂತು ಮಕ್ಕಳು ದನಕರು ಬಿದ್ದ ಸುದ್ದಿ ಕರಾವಳಿಯವರಿಗೆಲ್ಲ ಗೊತ್ತು. ಇಲ್ಲಿ ಬಚ್ಚಲು ಕಡೆ ಹೊಸದಾಗಿ ಸೇರಿಸಿದ ಭಾಗಕ್ಕೆ ಊರಲ್ಲಿ ಕೆಡವಿದ ಒಂದು ಮನೆಯ ಕಲ್ಲನ್ನೇ ತಂದು ಕಟ್ಟಿದ್ದಾರೆ. ಮಾಲೀಕರು ಮಾಡಿದ ಅತಿ ಒಳ್ಳೆಯ ಕೆಲಸ ಇದು. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇಲ್ಲ!

ಹೆಂಚುಗಳೂ ಹಳೆಯವೇ. ಕೆಲವನ್ನು ಕೆಳಗಿಳಿಸಿ ಜಗಲಿಯ ಬದಿ ಜೋಡಿಸಿಟ್ಟಿದ್ದರು. ತಿರುವಿ ನೋಡಿದರೆ ಮಂಗಳೂರಿನ ಕಾರ್ಖಾನೆಗಳ ಅಚ್ಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಅದನ್ನು ಕಟ್ಟಿ ನಿಲ್ಲಿಸಿದ್ದು. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು, ಕರಾವಳಿಯ ಉದ್ದಕ್ಕೂ ಮನೆಗಳ ಮೇಲೆ ಮಂಗಳೂರು ಹೆಂಚು ಬಂತು. ಈಗ ಅವುಗಳಲ್ಲಿ ಬಹಳಷ್ಟು ಮುಚ್ಚಿವೆ. ಹೆಂಚು ಸುಡಲು ಸೌದೆ ಬೇಕು, ಅದರ ಖರ್ಚು ಕಾಡಿನ ಮೇಲೆ ಬಿದ್ದಿದ್ದು ನಿಜ. ಆದರೆ ಒಮ್ಮೆ ಸುಟ್ಟ ಹೆಂಚು ಎರಡು ಮೂರು ಮನೆ ದಾಟಿಯೂ ಬದುಕುತ್ತದೆ. ಒಡೆದದ್ದನ್ನು ಮಾತ್ರ ಬದಲಿಸಿದರಾಯಿತು. ನಾನು ದಿನಾ ಹಾಕಿಸುವ ಸ್ಲ್ಯಾಬ್‌ನಿಂದ ಇದು ಆಗುವ ಮಾತಲ್ಲ.

ಇಲ್ಲಿ ಹೆಂಚಿನ ಕೆಳಗೆ ಇನ್ನೊಂದು ಪದರ ಸೀಲಿಂಗ್ ಹೆಂಚು ಹಾಕಿದ್ದಾರೆ. ನಡುವೆ ಗಾಳಿ ಆಡುತ್ತದೆ. ಬೇಸಿಗೆಯಲ್ಲಿ ಒಂದೇ ಪದರದ ಹೆಂಚಿನ ಕೆಳಗೆ ಮಧ್ಯಾಹ್ನ ಮಲಗಿದವರಿಗೆ ಇದರ ಬೆಲೆ ಗೊತ್ತು. ಹೆಂಚು ಹೊರುವ ಪಕ್ಕಾಸು, ರೀಪು ಎಲ್ಲ ಹಳೇ ಮರದವು, ನೇರವಾಗಿವೆ.

ತಂಪಿನ ವಿಷಯಕ್ಕೆ ಬರೋಣ. ‘ದಪ್ಪ ಮಣ್ಣಿನ ಗೋಡೆ, ಎಸಿ ಬೇಡ’ ಅಂತ ಕಾಟೇಜಿನ ಬಾಗಿಲಲ್ಲೇ ಬರೆದಿದ್ದಾರೆ. ಇದು ಎಲ್ಲ ಊರಿಗೂ ಒಂದೇ ಸಮ ಅಲ್ಲ. ನನ್ನ ತಂಗಿ ಪುಣೆಯಲ್ಲಿದ್ದಾಳೆ. ಅಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ 38 ಡಿಗ್ರಿ ಇದ್ದರೂ ಬೆಳಗಿನ ಜಾವ 20ರ ಹತ್ತಿರ ಇಳಿಯುತ್ತದೆ. ದಪ್ಪ ಗೋಡೆ ಹಗಲು ಬಿಸಿ ಹೀರುತ್ತದೆ, ರಾತ್ರಿ ಹೊರಗೆ ಬಿಡುತ್ತದೆ, ಬೆಳಿಗ್ಗೆ ತಣ್ಣಗಿರುತ್ತದೆ. ಗೋವಾದಲ್ಲಿ ಮೇ ತಿಂಗಳಲ್ಲಿ ಹಗಲು 33, ರಾತ್ರಿ 26. ಗೋಡೆಗೆ ತಣಿಯಲು ಸಮಯವೇ ಸಿಗುವುದಿಲ್ಲ. ಇಲ್ಲಿ ಬೇಕಾದ್ದು ನೆರಳು ಮತ್ತು ಗಾಳಿ. ಹಳೇ ಮನೆಯಲ್ಲಿ ಕಿಟಕಿಗೆ ಎದುರು ಕಿಟಕಿ ಇದೆ, ಮಾಡಿನ ತುದಿಯಲ್ಲಿ ಬಿಸಿ ಗಾಳಿ ಹೋಗಲು ಸಂದು ಇದೆ. ಮೇ ತಿಂಗಳಲ್ಲಿ ಒಮ್ಮೆ ಇಲ್ಲಿ ಊಟಕ್ಕೆ ಬಂದಿದ್ದೆವು, ಅದೇ ಜಗಲಿಯಲ್ಲಿ ಫ್ಯಾನಿಲ್ಲದೆ ಕೂತಿದ್ದೆವು. ಮಣ್ಣಿನ ಕಾಟೇಜಿನಲ್ಲೋ, ಪಶ್ಚಿಮದ ಗಾಜಿನಿಂದ ಬಿಸಿಲು ನೇರ ಒಳಗೆ. ಗಾಜು ತೆರೆಯುವಂತೆಯೂ ಇಲ್ಲ. ದಪ್ಪ ಗೋಡೆ ಕಟ್ಟಿ ಅದರಲ್ಲಿ ಅಷ್ಟು ದೊಡ್ಡ ಗಾಜು ಕೂರಿಸಿದ ಮೇಲೆ ಗೋಡೆ ಕಟ್ಟಿದ ಪುಣ್ಯ ಎಲ್ಲಿ ಉಳಿಯಿತು?

ಹಳೇ ಮನೆಯ ಎರಡು ಕಿಟಕಿಗಳಿಗೆ ಗಾಜಿನ ಬದಲು ಕಡಲ ಚಿಪ್ಪು ಇದೆ. ಸಣ್ಣ ಸಣ್ಣ ಚೌಕ ಮಾಡಿ ಮರದ ಪಟ್ಟಿಗಳ ನಡುವೆ ಸಿಕ್ಕಿಸಿದ್ದು. ಹಾಲಿನಂಥ ಬೆಳಕು ಬರುತ್ತದೆ, ಬಿಸಿಲಿನ ಝಳ ಇಲ್ಲ. ಈ ಜಾತಿಯ ಚಿಪ್ಪು ನಮ್ಮ ವಾಸ್ಕೋ ಪಕ್ಕದ ಚಿಕಲಿಂ ಕೊಲ್ಲಿಯಲ್ಲಿ ಈಗಲೂ ಬದುಕಿದೆ. ಹೊಸದಾಗಿ ಮಾಡಿಸಲು ಹೋಗಬೇಡಿ, ಈ ಚಿಪ್ಪಿಗೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಇದ್ದದ್ದನ್ನು ಉಳಿಸಿಕೊಂಡರೆ ಸಾಕು.

ರಿಸೆಪ್ಷನ್‌ನಲ್ಲಿ ಒಂದು ಬೋರ್ಡು: ‘ಇಲ್ಲಿ ಸಿಮೆಂಟ್ ಬಳಸಿಲ್ಲ.’ ನನ್ನಂಥವನ ಕಣ್ಣಿಗೆ ಬೀಳಬಾರದಿತ್ತು. ಸೆಪ್ಟಿಕ್ ಟ್ಯಾಂಕು ಸಿಮೆಂಟಿನದು, ಬಾತ್‌ರೂಮಿನ ನೆಲದ ಕೆಳಗೆ ಸಿಮೆಂಟು, ಈಜುಕೊಳ ಅಂತೂ ಪೂರ್ತಿ ಸಿಮೆಂಟು. ಹೌದು, ಈಜುಕೊಳ ಇದೆ. ಆ ವಿಷಯ ಬಿಡಿ. ನೀರು ನಿಲ್ಲುವ ಕಡೆ ಸಿಮೆಂಟ್ ಹಾಕಿದ್ದು ಸರಿಯೇ. ಸಿಮೆಂಟ್ ಕಡಿಮೆ ಮಾಡಬೇಕು ಅನ್ನುವುದಕ್ಕೂ ಗಟ್ಟಿ ಕಾರಣ ಇದೆ. ಸುಣ್ಣಕಲ್ಲನ್ನು 1,450 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕಾಯಿಸಲು ಉರಿಸಿದ್ದರ ಹೊಗೆ ಒಂದಾದರೆ, ಆ ಕಲ್ಲಿನೊಳಗಿನಿಂದಲೇ ಬಿಡುಗಡೆಯಾಗುವ ಕಾರ್ಬನ್ ಡೈಆಕ್ಸೈಡ್ ಇನ್ನೊಂದು. ಈ ಎರಡನೆಯದೇ ಜಾಸ್ತಿ. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಗೋಡೆಗೆ, ಪ್ಲಾಸ್ಟರ್‌ಗೆ ಸಿಮೆಂಟ್ ಬಿಡಬಹುದು, ಹಳೇ ಮನೆಯಲ್ಲಿ ಸುಣ್ಣದ ಗಾರೆಯೇ ಇದೆ. ಆದರೆ ಬೋರ್ಡಿನಲ್ಲಿ ‘ಕಡಿಮೆ ಬಳಸಿದ್ದೇವೆ’ ಅಂತ ಬರೆದರೆ ಸಾಕಲ್ವಾ?

ಕಾಟೇಜುಗಳಿಗೂ ದಾರಿ ಇತ್ತು. ಬೆಂಗಳೂರಿನ ಐಐಎಸ್ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ನಿಮಗೆ ಕಡಿಮೆ ಸೌದೆ ಉರಿಸುವ ಅಸ್ತ್ರ ಒಲೆಯಿಂದ ಗೊತ್ತಿರುತ್ತದೆ. ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದವರು ಅವರೇ. ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ, ಕೆಲವು ವಾರ ನೀರು ಹೊಡೆದು ತಯಾರು ಮಾಡುವುದು. ಆ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಮಳೆಗೆ ಹಸಿ ಮಣ್ಣಿಗಿಂತ ಎಷ್ಟೋ ಗಟ್ಟಿ. ಆದರೂ ನಮ್ಮ ಕರಾವಳಿಯಲ್ಲಿ ದೊಡ್ಡ ಸೂರು ಬೇಕೇ ಬೇಕು.

ನೀರಿನ ಕೆಲಸ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಹಳೇ ಮನೆಯ ಮಾಡು ಸುಮಾರು 150 ಚದರ ಮೀಟರ್ ಇರಬಹುದು. 3,000 ಮಿಲಿಮೀಟರ್ ಮಳೆ ಅಂದರೆ ಅದರ ಮೇಲೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಲೀಟರ್ ಬೀಳುತ್ತದೆ. ಜನ ಹತ್ತು ಸಾವಿರ ಲೀಟರ್ ಟ್ಯಾಂಕ್ ತಂದಿಟ್ಟು ಮಳೆಕೊಯ್ಲು ಅನ್ನುತ್ತಾರೆ. ಇಷ್ಟು ದೊಡ್ಡ ಮಾಡಿಗೆ 67 ಮಿಲಿಮೀಟರ್ ಮಳೆ ಬಂದರೆ ಆ ಟ್ಯಾಂಕ್ ತುಂಬಿತು. ಜುಲೈನಲ್ಲಿ ಅಷ್ಟು ಒಂದೇ ದಿನ ಬೀಳುತ್ತದೆ. ಆಮೇಲೆ ಮೇ ತಿಂಗಳಿಗೆ ಏನು ಮಾಡುತ್ತೀರಿ? ಇವರು ಟ್ಯಾಂಕ್ ನೆಚ್ಚಿಕೊಂಡಿಲ್ಲ. ಮಾಡಿನ ನೀರನ್ನು ಜಲ್ಲಿ, ಇದ್ದಿಲು, ಮರಳಿನ ಗುಂಡಿಗೆ ಹಾಯಿಸಿ ಬಾವಿಯ ಪಕ್ಕ ಇಂಗಿಸುತ್ತಾರೆ. “ಹ್ವಾದ ವರ್ಷ ಬ್ಯಾಸಿಗ್ಯಾಗ ಟ್ಯಾಂಕರ್ ತರಿಸಿದ್ವಿ. ಈ ಸಲ ಬಾವಿ ನೀರ ಸಾಕಾತ್ರಿ” ಅಂದರು ಅಕ್ಕ. ಬಚ್ಚಲ ನೀರು ಕಾಬಾಳೆಯ ಪಾತಿ ದಾಟಿ ಬಾಳೆ ಬುಡಕ್ಕೆ ಹೋಗುತ್ತದೆ. ವಾಸನೆ ಇರಲಿಲ್ಲ.

ಸೋಲಾರ್ ಪ್ಯಾನಲ್ ಇವೆ. ರಾತ್ರಿ ಕರೆಂಟ್ ಹೋಯಿತು, ಕತ್ತಲೆ. ಬೆಳಿಗ್ಗೆ ಮತ್ತೆ ಹೋಯಿತು, ಪ್ಯಾನಲ್ ಇದ್ದರೂ ಫ್ಯಾನ್ ಇಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು. ಬಹಳ ಜನ ಇದನ್ನು ತಿಳಿಯದೆ ಹಾಕಿಸಿ ಆಮೇಲೆ ಕಂಪನಿಯವರನ್ನು ಬೈಯುತ್ತಾರೆ.

ಊಟ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಸಮುದ್ರಕ್ಕೆ ಇಳಿಯುವಂತಿಲ್ಲ, ಹಾಗಾಗಿ ತಾಜಾ ಮೀನು ಕೇಳಬೇಡಿ. ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಅನ್ನ, ಹಿತ್ತಲಿನ ಸೊಪ್ಪಿನ ಪಲ್ಯ ಇತ್ತು. ಕನ್ನಡದಲ್ಲಿ ಕೇಳಿದ್ದಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯೂ ಬಂತು. ಅದು ಮೆನುವಿನಲ್ಲಿಲ್ಲ.

ಹೊರಡುವಾಗ ಮಾಲಕಿ ಸಿಕ್ಕರು. ಕೊಂಕಣಿಯಲ್ಲಿ ಮಾತಾಡಿದೆವು. ಸೂರಿನ ವಿಷಯ, ತಟ್ಟಿಯ ವಿಷಯ, ಬಿದಿರಿನ ವಿಷಯ ಎಲ್ಲ ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. “ಬಾಬಾ, ನೀವು ಹೇಳುವುದು ಗೊತ್ತು. ಆದರೆ ಜನ ಬುಕ್ ಮಾಡುವುದು ಮಣ್ಣಿನ ಗೋಡೆಯ ಫೋಟೋ ನೋಡಿ. ಹಳೇ ಮನೆಯ ಜಗಲಿ ನೋಡಿ ಒಬ್ಬರೂ ಫೋನ್ ಮಾಡಿಲ್ಲ” ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಟೇಜಿನ ಬಾಡಿಗೆ ಹಳೇ ಮನೆಯ ರೂಮಿಗಿಂತ ಎಂಟುನೂರು ರೂಪಾಯಿ ಜಾಸ್ತಿ ಇರುವುದೂ ಅದಕ್ಕೇ.

ಹಳೇ ಗೋವಾ ಮನೆಗಳ ಬುದ್ಧಿ ಹೇಗಿತ್ತು ಅಂತ ನೋಡಬೇಕಾದವರು ಪಣಜಿ ಪಕ್ಕದ ಪೊರ್ವೊರಿಂ ಹತ್ತಿರ ತೊರ್ಡಾದಲ್ಲಿ ‘ಹೌಸಸ್ ಆಫ್ ಗೋವಾ’ ಮ್ಯೂಸಿಯಂಗೆ ಹೋಗಿ. ಹಡಗಿನ ಆಕಾರದ ಕಟ್ಟಡ. ಮಾಡಿದವರು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. ನಮ್ಮ ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದವರೂ ಅವರೇ. ಬೆಂಗಳೂರಿನವರು ಅಲ್ಲೇ ನೋಡಿಕೊಳ್ಳಬಹುದು.

ಇಂಥ ಕಡೆ ಬುಕ್ ಮಾಡುವುದಾದರೆ ಫೋನಿನಲ್ಲೇ ಕೇಳಿ: ಹಳೇ ಮನೆಯಲ್ಲಿ ರೂಮು ಇದೆಯಾ, ಪಶ್ಚಿಮದ ಕಡೆ ಜಗಲಿ ಇದೆಯಾ, ಕರೆಂಟ್ ಹೋದರೆ ಬ್ಯಾಟರಿ ಇದೆಯಾ. ‘ಎಷ್ಟು ಪರಿಸರಸ್ನೇಹಿ’ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಮಳೆಗಾಲದಲ್ಲಿ ಬಾಡಿಗೆ ಡಿಸೆಂಬರ್‌ನ ಅರ್ಧ, ಚೌಕಾಸಿ ಮಾಡಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಟಾರ್ಚ್ ಮತ್ತು ಒಂದು ಜೊತೆ ಜಾಸ್ತಿ ಬಟ್ಟೆ ಇಟ್ಟುಕೊಳ್ಳಿ, ಅಲ್ಲಿ ಏನೂ ಒಣಗುವುದಿಲ್ಲ. ಕೊನೆಯ ತುಂಡು ದಾರಿ ಕೆಸರು. ನಮ್ಮ ಸಣ್ಣ ಕಾರನ್ನು ಚರ್ಚಿನ ಹತ್ತಿರ ನಿಲ್ಲಿಸಿ ಕೊಡೆ ಹಿಡಿದು ನಡೆದೆವು. ಅಂಕೋಲಾದ ಮನೆಗೆ ಈಗ ನಮ್ಮವಳು ಕೇಳುತ್ತಿರುವುದು ಹತ್ತು ಅಡಿ ಜಗಲಿ. ಎಂಟು ಸಾಕು ಅಂತ ನಾನು. ಅದು ಇನ್ನೂ ಇತ್ಯರ್ಥವಾಗಿಲ್ಲ.